ಒಂದು ವೈಫೈ, ನಾಲ್ಕು ಹುಡುಗಿಯರು

ಕಳೆದ ಮಳೆಗಾಲದ ಒಂದು ರಾತ್ರಿ ಹತ್ತೂವರೆಗೆ ದೊಡ್ಡಕ್ಕನ ಫೋನ್ ಬಂತು. ಆ ಹೊತ್ತಿನಲ್ಲಿ ಮನೆಯವರ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಯಾರಿಗೆ ಏನಾಯಿತೋ ಎಂದು ಗಾಬರಿಯಿಂದ ಎತ್ತಿಕೊಂಡೆ. ಆಪಾ ಸಲಾಮ್ ಹೇಳಿದವಳೇ ಸಿಟ್ಟಿನಿಂದ ಶುರು ಮಾಡಿದಳು. “ಬೆಂಗಳೂರಿನಲ್ಲಿ ಮಗಳು ಅಳುತ್ತಾ ಕೂತಿದ್ದಾಳೆ. ಜೊತೆಯಲ್ಲಿರುವ ಆ ಹುಡುಗಿಯ ದೆಸೆಯಿಂದ ಎರಡು ಟ್ಯೂಷನ್ ಕೈತಪ್ಪಿ ಹೋಯಿತು. ನಾನು ಹೇಳಿಬಿಟ್ಟಿದ್ದೇನೆ, ಪಾಸ್‌ವರ್ಡ್ ಬದಲಾಯಿಸಿಬಿಡು, ಅವಳು ಏನು ಮಾಡುತ್ತಾಳೋ ನೋಡೋಣ ಅಂತ.”

ವಿಷಯ ಇಷ್ಟು. ಅಕ್ಕನ ಮಗಳು ಆರ್.ಟಿ. ನಗರದಲ್ಲಿ ಇನ್ನೂ ಮೂವರು ಹುಡುಗಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಹಗಲು ಒಂದು ಕಂಪೆನಿಯಲ್ಲಿ ಲೆಕ್ಕಪತ್ರದ ಕೆಲಸ. ರಾತ್ರಿ ಎಂಟೂವರೆಯಿಂದ ಹತ್ತರವರೆಗೆ ಪಿಯುಸಿ ಮಕ್ಕಳಿಗೆ ಕಂಪ್ಯೂಟರಿನ ಮೂಲಕ ಅಕೌಂಟೆನ್ಸಿ ಪಾಠ. ಒಟ್ಟು ಏಳು ಮಕ್ಕಳು, ಅವರಲ್ಲಿ ಇಬ್ಬರು ದಮ್ಮಾಮ್‌ನಲ್ಲಿರುವ ನಮ್ಮ ಕಡೆಯ ಕುಟುಂಬದವರು. ಈ ಹಣದಿಂದಲೇ ತಮ್ಮನ ಡಿಪ್ಲೊಮಾ ಫೀಸು ಹೋಗುತ್ತದೆ. ಒಂದು ತಿಂಗಳಿನಿಂದ ಪಾಠದ ನಡುವೆ ಧ್ವನಿ ಕಡಿಯತೊಡಗಿತು. ಚಿತ್ರ ನಿಂತುಬಿಡುತ್ತಿತ್ತು. “ಮಿಸ್, ಕೇಳಿಸುತ್ತಿಲ್ಲ, ಮಿಸ್” ಎಂಬುದನ್ನು ಕೇಳಿ ಕೇಳಿ ಸಾಕಾದ ದಮ್ಮಾಮ್‌ನ ತಾಯಿ ವಿನಯದಿಂದಲೇ ಇಬ್ಬರು ಮಕ್ಕಳನ್ನೂ ಬಿಡಿಸಿಕೊಂಡರು.

ಯಾರ ಮೇಲೆ ಅನುಮಾನ? ಕಲಬುರಗಿಯ ಒಬ್ಬ ಹುಡುಗಿಯ ಮೇಲೆ. ಅವಳು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಎಂಟು ಗಂಟೆ ದಾಟಿದ ಮೇಲೆ ಮನೆಗೆ ಬಂದು ಊಟ ಮುಗಿಸಿ, ಹಿಂದಿನ ಕೋಣೆಯ ಮಂಚದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗಿದರೆ ಆಯಿತು. ಹೊದಿಕೆಯೊಳಗೆ ಮೊಬೈಲಿನ ಬೆಳಕು. ಸರಿಯಾಗಿ ಅವಳು ಬಂದ ಮೇಲೆಯೇ ನೆಟ್ ಕೈಕೊಡುತ್ತದೆ. “ಧಾರಾವಾಹಿ ನೋಡುತ್ತಾಳೆ ಖಾಲಾ, ಇನ್ನೇನು” ಎಂದು ಮಗಳೂ ಹೇಳಿದಳು. ಒಂದು ವಾರದಿಂದ ಇಬ್ಬರಿಗೂ ಮಾತಿಲ್ಲ. ಚಹಾ ಕೂಡ ಬೇರೆ ಬೇರೆ ಪಾತ್ರೆಯಲ್ಲಿ.

ಆಪಾಳ ಮಾತು ಕೇಳುತ್ತಾ ನನಗೆ ನಮ್ಮದೇ ಮನೆಯ ಹಳೆಯ ಜಗಳ ನೆನಪಾಯಿತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 2001ರಲ್ಲಿ. ಆಗ ನೆಟ್ ಬರುತ್ತಿದ್ದುದು ಟೆಲಿಫೋನ್ ತಂತಿಯಲ್ಲೇ, ಕಿರ್ರ್ ಎಂದು ಕಿರುಚುವ ಮೋಡೆಮ್ ಮೂಲಕ. ಅದರ ವೇಗ ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್. ಭಾಯಿ ಇಂಟರ್ನೆಟ್ ಹಾಕಿ ಕೂತರೆ ಮನೆಯ ಫೋನ್ ಎಂಗೇಜ್. ಅಬ್ಬಾ ಆಗ ಸೌದಿಯಲ್ಲಿದ್ದರು. ಶುಕ್ರವಾರ ಅವರು ಬೂತಿನಲ್ಲಿ ಸರದಿ ನಿಂತು ನಂಬರ್ ಒತ್ತಿದರೆ ಇಲ್ಲಿ ಫೋನ್ ಸಿಗುತ್ತಿರಲಿಲ್ಲ. ಅಮ್ಮಿ ಜಾನಮಾಜಿನ ಮೇಲೆ ಕೂತು ಫೋನಿನ ಕಡೆಗೇ ನೋಡುತ್ತಿದ್ದರು. ಒಂದು ಶುಕ್ರವಾರ ಅಮ್ಮಿ ಎದ್ದು ಹೋಗಿ ತಂತಿಯನ್ನೇ ಎಳೆದು ಬಿಸಾಡಿದರು. ಭಾಯಿ ಎರಡು ದಿನ ಊಟ ಮಾಡಲಿಲ್ಲ. ಅವನು ಪಿಜಿ ಪ್ರವೇಶದ ಫಾರ್ಮ್ ಹುಡುಕುತ್ತಿದ್ದ ಎಂಬುದು ಆಮೇಲೆ ಗೊತ್ತಾಯಿತು.

ಅಂದಿನಿಂದ ವೇಗ ಎಷ್ಟು ಬೆಳೆಯಿತೆಂದರೆ, 2004ರ ಸರಕಾರಿ ನೀತಿಯಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು 256 ಕಿಲೋಬಿಟ್ ವೇಗವಿದ್ದರೆ ಸಾಕಾಗಿತ್ತು. 2023ರಲ್ಲಿ ಅದನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ಈಗ ಬಾಡಿಗೆ ಮನೆಗೂ 40, 100 ಮೆಗಾಬಿಟ್‌ನ ಸಂಪರ್ಕ ಬರುತ್ತದೆ. ಜಗಳ ಮಾತ್ರ ಹಾಗೆಯೇ ಉಳಿದಿದೆ.

ಪಾಸ್‌ವರ್ಡ್ ಬದಲಿಸಬೇಡ ಎಂದು ಮಗಳಿಗೆ ಆ ರಾತ್ರಿಯೇ ಹೇಳಿದೆ. ಆ ಹುಡುಗಿಯೂ ತಿಂಗಳಿಗೆ 150 ರೂಪಾಯಿ ಕೊಡುತ್ತಾಳೆ. ನಾಲ್ವರು ಸೇರಿ ಕಟ್ಟುವ 600 ರೂಪಾಯಿಯಲ್ಲಿ ಅವಳದ್ದೂ ಪಾಲಿದೆ. ಹಣ ಕೊಟ್ಟವಳನ್ನು ಹೇಳದೆ ಕೇಳದೆ ಹೊರಗೆ ಹಾಕುವುದು ಅವಳ ಪಾಲಿನ ಅಕ್ಕಿಗೆ ಬೀಗ ಹಾಕಿದಂತೆಯೇ. ಹುಡುಗಿಯರು ಊರು ಬಿಟ್ಟು ಹೋಗಿ ಒಂದು ಸೂರಿನಡಿ ಇರುವಾಗ ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವಳು ಆ ಪಕ್ಕದ ಮಂಚದವಳೇ ಹೊರತು ಇನ್ನೂರೈವತ್ತು ಕಿಲೋಮೀಟರ್ ದೂರದಲ್ಲಿರುವ ಅಮ್ಮಿಯಲ್ಲ. ನಾವು ತಾಯಂದಿರು, ಖಾಲಾಗಳು ಫೋನಿನಲ್ಲಿ ಅರ್ಧ ಕತೆ ಕೇಳಿ ಬೆಂಕಿಗೆ ಎಣ್ಣೆ ಸುರಿಯುತ್ತೇವೆ. ಇಲ್ಲಿ ಆಪಾ ಮಾಡಿದ್ದೂ ಅದನ್ನೇ. ಇದನ್ನು ಅವಳ ಮುಖಕ್ಕೇ ಹೇಳಿದ್ದೇನೆ, ಆದ್ದರಿಂದ ಇಲ್ಲಿ ಬರೆಯಲು ಹೆದರಿಕೆಯಿಲ್ಲ.

ಮುಂದಿನ ಭಾನುವಾರ ಬೇರೆ ಕೆಲಸವೂ ಇದ್ದುದರಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಜೊತೆಗೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಅಲ್ಲಿಗೆ ಬರಹೇಳಿದ್ದೆ. ಅವಳು ಒಂದು ಕಂಪೆನಿಯಲ್ಲಿ ನೆಟ್‌ವರ್ಕ್ ವಿಭಾಗದಲ್ಲಿದ್ದಾಳೆ. ನನಗೆ ಅರಬಿ ವ್ಯಾಕರಣ, ಕನ್ನಡ ಛಂದಸ್ಸು ಗೊತ್ತು. ರೂಟರ್ ಗೊತ್ತಿಲ್ಲ. ಕೆಳಗೆ ಬರೆದಿರುವುದರಲ್ಲಿ ತಾಂತ್ರಿಕವಾದುದೆಲ್ಲ ಅವಳು ವಿವರಿಸಿದ್ದು, ನಾನು ನೋಟ್ಸ್ ಬರೆದುಕೊಂಡದ್ದು.

ಅವಳು ಬಂದವಳೇ ಯಾರ ಮೇಲೂ ತಪ್ಪು ಹೊರಿಸದೆ ಒಂದು ಕೆಲಸ ಮಾಡಿದಳು. ಎಲ್ಲರ ಫೋನು, ಟಿವಿ ಎಲ್ಲದರಲ್ಲೂ ವೈಫೈ ಆಫ್ ಮಾಡಿಸಿ, ಒಂದೇ ಲ್ಯಾಪ್‌ಟಾಪನ್ನು ರೂಟರಿನ ಪಕ್ಕ ಇಟ್ಟು ವೇಗ ಅಳೆದಳು. ಫಾಸ್ಟ್ ಡಾಟ್ ಕಾಮ್ ಎಂದು ಒತ್ತಿದರೆ ಸಾಕು, ಅಂಕಿ ತಾನಾಗಿ ಬರುತ್ತದೆ. 40ರ ಸಂಪರ್ಕದಲ್ಲಿ 38 ಬಂತು. ಅಂದರೆ ಕಂಪೆನಿಯವರು ಮೋಸ ಮಾಡಿಲ್ಲ. ಅದೇ ಲ್ಯಾಪ್‌ಟಾಪನ್ನು ಹಿಂದಿನ ಕೋಣೆಗೆ ಒಯ್ದು ಕಲಬುರಗಿಯ ಹುಡುಗಿಯ ಮಂಚದ ಮೇಲೆ ಇಟ್ಟಾಗ ಬಂದದ್ದು ಬರೀ 3.

ಕಾರಣ ಕಣ್ಣೆದುರೇ ಇತ್ತು. ರೂಟರನ್ನು ಕೇಬಲ್ ಹುಡುಗ ಬಾಗಿಲ ಪಕ್ಕದ ಮರದ ಕಪಾಟಿನಲ್ಲಿ ಇಟ್ಟು ಹೋಗಿದ್ದ. ಧೂಳು ಕೂರದಿರಲಿ ಎಂದು ನಮ್ಮ ಮಗಳು ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿ ಕಪಾಟಿನ ಬಾಗಿಲು ಮುಚ್ಚಿದ್ದಳು! ಅಲ್ಲಿಂದ ಹಿಂದಿನ ಕೋಣೆಗೆ ಎರಡು ಗೋಡೆ, ಒಂದು ಫ್ರಿಜ್, ಒಂದು ಕಬ್ಬಿಣದ ಬೀರು ಅಡ್ಡ. ವೈಫೈ ಎಂದರೆ ರೇಡಿಯೊ ಅಲೆ. ಗೋಡೆಯಲ್ಲಿ ಅದು ಸೊರಗುತ್ತದೆ, ಲೋಹವನ್ನು ದಾಟುವುದೇ ಇಲ್ಲ.

“ಆದರೆ ನಾನು ಪಾಠ ಮಾಡುವುದು ಹಾಲಿನಲ್ಲಿ, ರೂಟರಿನ ಪಕ್ಕದಲ್ಲೇ. ನನಗೇಕೆ ಕಡಿಯಬೇಕು?” ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇದಕ್ಕೆ ನನ್ನ ವಿದ್ಯಾರ್ಥಿನಿ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ರೂಟರ್ ಎಲ್ಲರಿಗೂ ಸರದಿಯಲ್ಲಿ ಕೊಡುತ್ತದೆ, ನ್ಯಾಯಬೆಲೆ ಅಂಗಡಿಯ ಹಾಗೆ. ಸರದಿಯಲ್ಲಿ ಒಬ್ಬ ಅಜ್ಜಿಯ ಹೆಬ್ಬೆರಳು ಸವೆದಿದ್ದರೆ ಯಂತ್ರ ಮತ್ತೆ ಮತ್ತೆ ‘ಆಗಲಿಲ್ಲ’ ಎನ್ನುತ್ತದೆ. ಅಜ್ಜಿ ಒಯ್ಯುವುದು ಎಲ್ಲರಷ್ಟೇ ಅಕ್ಕಿ, ಆದರೆ ಹಿಡಿಯುವ ಸಮಯ ಹತ್ತು ಪಟ್ಟು. ಹಿಂದೆ ನಿಂತವರ ಬೆರಳು ಎಷ್ಟೇ ಚೆನ್ನಾಗಿದ್ದರೂ ಕಾಯಲೇಬೇಕು. ದೂರದ ಕೋಣೆಯಲ್ಲಿ ಸಿಗ್ನಲ್ ಕಡಿಮೆಯಿರುವ ಫೋನ್ ದೊಡ್ಡ ಕಡತವನ್ನು ಇಳಿಸಿಕೊಳ್ಳುವಾಗ ಆಗುವುದು ಇದೇ. ಅದು ತೆಗೆದುಕೊಳ್ಳುವುದು ಸ್ವಲ್ಪ, ಕಾಯಿಸುವುದು ಎಲ್ಲರನ್ನೂ.

ಅವಳು ಅದನ್ನು ತೋರಿಸಿಯೇ ಬಿಟ್ಟಳು. ಹಿಂದಿನ ಕೋಣೆಯ ಫೋನಿನಲ್ಲಿ ಡೌನ್‌ಲೋಡ್ ಹಾಕಿಸಿದಾಗ ಹಾಲಿನ ಲ್ಯಾಪ್‌ಟಾಪಿನ ವೇಗ 38ರಿಂದ 8ಕ್ಕೆ ಇಳಿಯಿತು. ಪಾಠಕ್ಕೆ ಎಂಟೂ ಬೇಕಿಲ್ಲ, ವಿಡಿಯೊ ಮಾತುಕತೆಗೆ ಒಂದೆರಡು ಮೆಗಾಬಿಟ್ ಇದ್ದರೆ ಸಾಕು. ಆದರೆ ಅದು ಎಡೆಬಿಡದೆ ಬರಬೇಕು. ಧಾರಾವಾಹಿಯಾದರೆ ಮುಂದಿನ ಭಾಗವನ್ನು ಮೊದಲೇ ತುಂಬಿಸಿಟ್ಟುಕೊಳ್ಳುತ್ತದೆ, ನಡುವೆ ಅರ್ಧ ನಿಮಿಷ ನೆಟ್ ಹೋದರೂ ನಮಗೆ ತಿಳಿಯುವುದಿಲ್ಲ. ಮಾತನ್ನು ಹಾಗೆ ಮೊದಲೇ ತುಂಬಿಸಿಡಲು ಬರುವುದಿಲ್ಲವಲ್ಲ! ಅದಕ್ಕೇ ಒಂದೇ ಮನೆಯಲ್ಲಿ ಒಬ್ಬಳ ಸಿನಿಮಾ ಸರಾಗವಾಗಿ ಓಡುತ್ತಿರುವಾಗ ಇನ್ನೊಬ್ಬಳ ಪಾಠ ಕಡಿಯುತ್ತದೆ. ನೋಡುವವಳಿಗೆ ತನ್ನಿಂದ ಯಾರಿಗೋ ತೊಂದರೆಯಾಗುತ್ತಿದೆ ಎಂಬ ಸುಳಿವೇ ಸಿಗುವುದಿಲ್ಲ.

ಈಗ ಆ ಹುಡುಗಿ ಇಳಿಸಿಕೊಳ್ಳುತ್ತಿದ್ದುದಾದರೂ ಏನು? ಅವಳು ಫೋನನ್ನು ತಾನಾಗಿಯೇ ನಮ್ಮ ಮುಂದೆ ಇಟ್ಟಳು. ಧಾರಾವಾಹಿ ಒಂದೂ ಇರಲಿಲ್ಲ. ಸರಕಾರಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆಯ ಪರೀಕ್ಷೆಗೆ ಅವಳು ಓದುತ್ತಿದ್ದಾಳೆ. ಕೋಚಿಂಗಿನವರ ಪಾಠದ ವಿಡಿಯೊಗಳನ್ನು ರಾತ್ರಿ ಇಳಿಸಿಕೊಂಡು, ಮರುದಿನ ಬಸ್ಸಿನಲ್ಲೂ ಆಸ್ಪತ್ರೆಯ ಊಟದ ಬಿಡುವಿನಲ್ಲೂ ನೋಡುತ್ತಾಳೆ. ಲ್ಯಾಬ್ ಇರುವುದು ನೆಲಮಾಳಿಗೆಯಲ್ಲಿ, ಅಲ್ಲಿ ಸಿಗ್ನಲ್ ಬರುವುದಿಲ್ಲ. ಇದರ ಜೊತೆಗೆ ತಂಗಿಯ ಮದುವೆಗೆ ಊರಿಗೆ ಹೋಗಿದ್ದಾಗ ತೆಗೆದ ವಿಡಿಯೊಗಳು ವೈಫೈ ಸಿಕ್ಕಾಗಲೆಲ್ಲ ತಾವಾಗಿಯೇ ಗೂಗಲ್ ಫೋಟೋಸ್‌ಗೆ ಏರುತ್ತಿದ್ದವು. ಅದು ಅವಳಿಗೇ ಗೊತ್ತಿರಲಿಲ್ಲ. ಜಗಳ ಜೋರಾದದ್ದು ಆ ಮದುವೆಯಾದ ವಾರದಲ್ಲೇ.

ಇತ್ತ ಅವಳ ಮನಸ್ಸಿನಲ್ಲಿ ಏನಿತ್ತು ಗೊತ್ತೇ? “ದೀದಿ ದಿನಾ ರಾತ್ರಿ ಯಾರೊಂದಿಗೋ ವಿಡಿಯೊದಲ್ಲಿ ನಗುತ್ತಾ ಮಾತಾಡುತ್ತಾರೆ, ಅದಕ್ಕೆ ನಾನೇಕೆ ಓದು ನಿಲ್ಲಿಸಬೇಕು ಅಂದುಕೊಂಡಿದ್ದೆ” ಎಂದಳು. ತಮ್ಮನ ಫೀಸಿನ ಮಾತನ್ನು ನಮ್ಮ ಮಗಳು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ. ಮನೆಯ ಕಷ್ಟ ಹೊರಗಿನವರಿಗೆ ಏಕೆ ಎಂಬ ಅಭಿಮಾನ. ಅವಳೂ ಪರೀಕ್ಷೆಯ ವಿಷಯ ಹೇಳಿರಲಿಲ್ಲ, ಪಾಸಾಗದಿದ್ದರೆ ನಗುತ್ತಾರೆಂಬ ಅಂಜಿಕೆ. ಒಂದು ವರ್ಷದಿಂದ ಒಂದೇ ಮನೆಯಲ್ಲಿದ್ದಾರೆ. ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದ ಮಾತೆಂದರೆ “ನೆಟ್ ಎಲ್ಲಾ ನೀನೇ ತಿನ್ನುತ್ತೀಯ” ಎಂಬುದೊಂದೇ. ಎಂಟೂವರೆಯಿಂದ ಹತ್ತರವರೆಗೆ ನನಗೆ ಕ್ಲಾಸಿದೆ, ಆ ಹೊತ್ತಿನಲ್ಲಿ ದೊಡ್ಡ ಡೌನ್‌ಲೋಡ್ ಬೇಡ ಎಂದು ಹೇಳಿದ್ದರೆ ಅವಳು ಒಪ್ಪುತ್ತಿದ್ದಳೋ ಇಲ್ಲವೋ, ಕಡೇಪಕ್ಷ ಕೇಳಿದ್ದು ಏನೆಂದು ತಿಳಿಯುತ್ತಿತ್ತು. ‘ನೀನು ತಿನ್ನುತ್ತೀಯ’ ಎಂಬುದಕ್ಕೆ ಯಾರಾದರೂ ಏನೆಂದು ಉತ್ತರ ಕೊಡಬೇಕು?

ಮಾಡಿದ ಕೆಲಸಗಳನ್ನು ಹೇಳುತ್ತೇನೆ. ಕೇಬಲ್ ಹುಡುಗನನ್ನು ಕರೆಸಿ ರೂಟರನ್ನು ಕಪಾಟಿನಿಂದ ತೆಗೆಸಿ, ಹಾಲಿಗೂ ಹಿಂದಿನ ಕೋಣೆಗೂ ನಡುವಿನ ಬಾಗಿಲ ಮೇಲೆ ಎತ್ತರದಲ್ಲಿ ಕೂರಿಸಿದೆವು. ತಂತಿಗೆ, ಅವನ ಕೈಗೆ ಸೇರಿ 250 ರೂಪಾಯಿ. ಹಿಂದಿನ ಕೋಣೆಯ ವೇಗ 3ರಿಂದ 24ಕ್ಕೆ ಏರಿತು. ತಿಂಗಳಿಗೆ 200 ರೂಪಾಯಿ ಹೆಚ್ಚು ಕೊಟ್ಟು 100ರ ಪ್ಲಾನ್ ಹಾಕಿಸೋಣ ಎಂದು ಇವರು ಯೋಚಿಸಿದ್ದರಂತೆ. ರೂಟರ್ ಕಪಾಟಿನಲ್ಲೇ ಇದ್ದಿದ್ದರೆ ಆ ನೂರೂ ಕಪಾಟಿನಲ್ಲೇ ಉಳಿಯುತ್ತಿತ್ತು. ಪಾಠದ ಲ್ಯಾಪ್‌ಟಾಪಿಗೆ ವೈಫೈ ಬದಲು ರೂಟರಿನಿಂದ ನೇರ ತಂತಿ ಹಾಕಿದೆವು. ಪಾಠ, ಸಂದರ್ಶನ ಇಂಥವಕ್ಕೆ ಇದರಷ್ಟು ಅಗ್ಗದ, ಒಳ್ಳೆಯ ಉಪಾಯ ಬೇರೆ ಇಲ್ಲವೆಂದು ನನ್ನ ವಿದ್ಯಾರ್ಥಿನಿ ಹೇಳಿದಳು.

ಅನೇಕ ರೂಟರುಗಳಲ್ಲಿ ಎರಡು ವೈಫೈ ಹೆಸರು ಕಾಣಿಸುತ್ತವೆ, ಒಂದರ ಕೊನೆಗೆ 5ಜಿ ಎಂದಿರುತ್ತದೆ. ಇದು 2022ರಲ್ಲಿ ಬಂದ ಮೊಬೈಲಿನ 5ಜಿ ಅಲ್ಲ. 5 ಗಿಗಾಹರ್ಟ್ಸ್ ಎಂದು ಅರ್ಥ. ಹತ್ತಿರದಲ್ಲಿ ಬಹಳ ವೇಗ, ಗೋಡೆ ದಾಟುವುದರಲ್ಲಿ ಸೋಮಾರಿ. ಇನ್ನೊಂದು 2.4 ಗಿಗಾಹರ್ಟ್ಸ್, ಅದು ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಎಲ್ಲ ಮನೆಗಳ ವೈಫೈಯೂ ಅದರಲ್ಲೇ ಗದ್ದಲ ಎಬ್ಬಿಸುತ್ತಿರುತ್ತದೆ. ಹಾಲಿನಲ್ಲಿರುವವರು ಮೊದಲನೆಯದನ್ನೂ ಹಿಂದಿನ ಕೋಣೆಯವರು ಎರಡನೆಯದನ್ನೂ ಹಿಡಿದರೆ ಸರದಿಯೇ ಎರಡಾಗುತ್ತದೆ.

ಇನ್ನೊಂದು ಸಂಗತಿ ಹೊರಬಿತ್ತು. ರೂಟರಿನ ಹಿಂಭಾಗದ ಚೀಟಿಯಲ್ಲಿ 192.168.1.1 ಎಂಬಂಥ ಒಂದು ವಿಳಾಸ ಇರುತ್ತದೆ. ಅದನ್ನು ತೆರೆದರೆ ಯಾವ ಯಾವ ಸಾಧನಗಳು ಸೇರಿಕೊಂಡಿವೆ ಎಂಬ ಪಟ್ಟಿ ಸಿಗುತ್ತದೆ. ಹುಡುಗಿಯರ ನಾಲ್ಕು ಫೋನು, ಎರಡು ಲ್ಯಾಪ್‌ಟಾಪ್, ಒಂದು ಟಿವಿ, ಒಟ್ಟು ಏಳು ಇರಬೇಕಿತ್ತು. ಇದ್ದದ್ದು ಒಂಬತ್ತು. ಕೆಳಗಿನ ಮನೆಯ ಮಾಲೀಕರ ಮಕ್ಕಳು! ಸಂಪರ್ಕ ಹಾಕಿಸಿದ ದಿನ ಅವರೇ ನಿಂತು ಸಹಾಯ ಮಾಡಿದ್ದರು, ಪಾಸ್‌ವರ್ಡೂ ಆಗಲೇ ಅವರಿಗೆ ಹೋಗಿತ್ತು. ಒಂದು ತಿಂಗಳು ಬೈಗುಳ ತಿಂದವಳು ಕಲಬುರಗಿಯ ಹುಡುಗಿ. ಇದು ವೇಗದ ಪ್ರಶ್ನೆ ಮಾತ್ರವೂ ಅಲ್ಲ. ಸಂಪರ್ಕ ನಮ್ಮ ಮಗಳ ಹೆಸರಿನಲ್ಲಿ, ಅವಳ ಗುರುತಿನ ಚೀಟಿಯ ಮೇಲಿದೆ. ಅದರ ಮೂಲಕ ಯಾರು ಏನು ಮಾಡಿದರೂ ಮೊದಲು ವಿಚಾರಣೆ ಬರುವುದು ಅವಳ ಬಾಗಿಲಿಗೆ. ಆಗ ಪಾಸ್‌ವರ್ಡ್ ಬದಲಿಸಿದೆವು, ನಾಲ್ವರೂ ಸುತ್ತ ಕೂತು, ಎಲ್ಲರಿಗೂ ತಿಳಿಯುವಂತೆ. ಮಾಲೀಕರ ಹೆಂಡತಿಗೆ “ಕಂಪೆನಿಯವರು ಇಷ್ಟೇ ಫೋನಿಗೆ ಎಂದಿದ್ದಾರೆ” ಎಂದು ಹೇಳಲು ಹುಡುಗಿಯರು ಹೊರಟಿದ್ದರು. ಸುಳ್ಳೇಕೆ, ಮಕ್ಕಳ ಪಾಠಕ್ಕೆ ಸಾಲುತ್ತಿಲ್ಲ ಎಂಬ ನಿಜವನ್ನೇ ಹೇಳಿ ಎಂದೆ. ಆಕೆ ಸ್ವಲ್ಪ ಮುಖ ಊದಿಸಿಕೊಂಡರು, ಅಷ್ಟೆ.

ಎಲ್ಲವೂ ಹೀಗೆ ಸುಖವಾಗಿ ಮುಗಿಯಿತೆಂದು ತಿಳಿಯಬೇಡಿ. ಮನೆಯಲ್ಲಿ ಇನ್ನಿಬ್ಬರಿದ್ದರು. ಒಬ್ಬಳದ್ದು ರಾತ್ರಿ ಪಾಳಿ, ಅವಳಿಂದ ಯಾರಿಗೂ ತೊಂದರೆಯಿಲ್ಲ. ಇನ್ನೊಬ್ಬಳು ಬಳ್ಳಾರಿಯವಳು, ಟಿವಿ ಅವಳದ್ದು. ಟರ್ಕಿಯ ಧಾರಾವಾಹಿಗಳನ್ನು ನಿಜವಾಗಿಯೂ ನೋಡುತ್ತಿದ್ದವಳು ಅವಳು. ನೋಡುತ್ತಾ ನಿದ್ರೆ ಹೋದರೂ ಟಿವಿ ಓಡುತ್ತಲೇ ಇರುತ್ತಿತ್ತು. ನೆಟ್‌ಫ್ಲಿಕ್ಸ್‌ನಂಥವು ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿಯವರೆಗೂ 4ಕೆಯಲ್ಲಿ 7 ಜಿಬಿಯವರೆಗೂ ಎಳೆಯುತ್ತವೆ. ಸಾಮಾನ್ಯ ಗುಣಮಟ್ಟಕ್ಕೆ ಇಟ್ಟರೆ ಒಂದು ಜಿಬಿಯೂ ಆಗುವುದಿಲ್ಲ. ಇವರ ಪ್ಲಾನಿನಲ್ಲಿ ತಿಂಗಳಿಗೆ 500 ಜಿಬಿ ಮೀರಿದರೆ ವೇಗ 2ಕ್ಕೆ ಇಳಿಯುತ್ತದೆ. ತಿಂಗಳ ಕೊನೆಯ ವಾರದಲ್ಲಿ ಎಲ್ಲರ ಮುಖವೂ ಗಂಟಿಕ್ಕುತ್ತಿದ್ದುದು ಇದಕ್ಕೇ. ಹಲವರಿಗೆ ತಮ್ಮ ಪ್ಲಾನಿನಲ್ಲಿ ಇಂಥದೊಂದು ಮಿತಿ ಇದೆಯೆಂಬುದೇ ಗೊತ್ತಿರುವುದಿಲ್ಲ. ಕರಾರಿನ ಸಣ್ಣ ಅಕ್ಷರಗಳಲ್ಲಿ ಇರುತ್ತದೆ, ಓದಿ ನೋಡಿ.

“ನಾನೂ ನೂರೈವತ್ತು ಕೊಡುತ್ತೇನೆ, ನನಗೆ ಬೇಕಾದಾಗ ಬೇಕಾದ್ದು ನೋಡುತ್ತೇನೆ” ಎಂದಳು ಬಳ್ಳಾರಿಯವಳು. ಅವಳ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಒಬ್ಬಳ ದುಡಿಮೆ, ಒಬ್ಬಳ ಪರೀಕ್ಷೆ ದೊಡ್ಡದು, ದಿನವಿಡೀ ದುಡಿದು ಬಂದವಳ ಮನರಂಜನೆ ಚಿಕ್ಕದು ಎಂದು ತೀರ್ಪು ಕೊಡಲು ನಾನು ಯಾರು? ಟಿವಿಯ ಗುಣಮಟ್ಟ ಇಳಿಸಲು ಮಾತ್ರ ಒಪ್ಪಿದಳು, ಹೊತ್ತು ಬದಲಿಸಲು ಒಪ್ಪಲಿಲ್ಲ. ರೂಟರಿನೊಳಗೆ ಇಂಥ ಸಾಧನಕ್ಕೆ ಇಷ್ಟೇ ವೇಗ ಎಂದು ಮಿತಿ ಹಾಕುವ ಏರ್ಪಾಡು ಕೆಲವು ಮಾದರಿಗಳಲ್ಲಿ ಇರುತ್ತದೆ. ಇವರದ್ದರಲ್ಲೂ ಇತ್ತು. ಅವಳಿಗೆ ಹೇಳದೆ ಹಾಕಿಬಿಡೋಣ ಎಂದು ಮಗಳು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ನಾನು ಬೇಡವೆಂದೆ. ಎರಡು ತಿಂಗಳ ನಂತರ ಅವಳು ಬೇರೆ ಕಡೆ ಮನೆ ಹಿಡಿದು ಹೋದಳು. ನೆಟ್ಟಿನ ಕಾರಣಕ್ಕೇ ಹೋದಳೋ, ಆಫೀಸು ಹತ್ತಿರವೆಂದು ಹೋದಳೋ, ನಾನು ಕೇಳಲಿಲ್ಲ.

ದಮ್ಮಾಮ್‌ನ ಮಕ್ಕಳಲ್ಲಿ ದೊಡ್ಡವಳು ಮಾತ್ರ ಪಾಠಕ್ಕೆ ಮರಳಿದ್ದಾಳೆ. ಕಲಬುರಗಿಯ ಹುಡುಗಿ ಡೌನ್‌ಲೋಡನ್ನು ಬೆಳಗಿನ ಫಜ್ರ್ ವೇಳೆಗೆ ಬದಲಾಯಿಸಿಕೊಂಡಿದ್ದಾಳೆ. ಆ ಹೊತ್ತಿನಲ್ಲಿ ಇಡೀ ಬೀದಿಯ ನೆಟ್ ಅವಳೊಬ್ಬಳದೇ. ಅವಳಿಗೆ ಲೆಕ್ಕದ ಪ್ರಶ್ನೆಗಳನ್ನು ಹೇಳಿಕೊಡುತ್ತಿರುವುದು ನಮ್ಮ ಮಗಳು. ಆಪಾ ಮೊನ್ನೆ ಫೋನಿನಲ್ಲಿ “ಆ ಹುಡುಗಿಗೂ ಸ್ವಲ್ಪ ಉಪ್ಪಿನಕಾಯಿ ಕಳಿಸಿದ್ದೇನೆ” ಎಂದಳು, ಪಾಸ್‌ವರ್ಡಿನ ಮಾತನ್ನು ಎತ್ತಲಿಲ್ಲ.

ಅಂದು ನಾವು ಕೂತು ಬರೆದ ಚೀಟಿಯೊಂದು ಅವರ ಫ್ರಿಜ್ಜಿನ ಮೇಲೆ ಈಗಲೂ ಅಂಟಿಕೊಂಡಿದೆ. ರಾತ್ರಿ 8.30ರಿಂದ 10 ದೊಡ್ಡ ಡೌನ್‌ಲೋಡ್ ಇಲ್ಲ, ಹೊಸಬರಿಗೆ ಪಾಸ್‌ವರ್ಡ್ ಕೊಡುವ ಮೊದಲು ಎಲ್ಲರನ್ನೂ ಕೇಳುವುದು, ಬಿಲ್ಲು ತಿಂಗಳ 3ರೊಳಗೆ. ಕಳೆದ ಸಲ ಹೋದಾಗ ನೋಡಿದೆ, 10 ಎಂಬುದನ್ನು ಯಾರೋ ಪೆನ್ನಿನಿಂದ ಹೊಡೆದು 9.45 ಮಾಡಿದ್ದಾರೆ.